ಬಿಡಾರ ಹೊತ್ತ ದಾರಿ: ಕಲಬುರಗಿಯಿಂದ ಕಮಲಾಪುರ, ಅಲ್ಲಿಂದ ಚಿಂಚೋಳಿ

ಭಾಗ 1

ಕ್ಯಾರವಾನ್ ಅಂತ ಟೈಪ್ ಮಾಡಿದ್ರ ಫೋನಿನಾಗ ಮೊದಲು ಬರೋದು ಅಮೆರಿಕ. ಡೆತ್ ವ್ಯಾಲಿ, ಜೋಶುವಾ ಟ್ರೀ ಥರದ ಮರುಭೂಮಿ ರಾಷ್ಟ್ರೀಯ ಉದ್ಯಾನಗಳು, ಒಳಗೇ ಹಾಸಿಗೆ, ಒಲೆ, ನೀರಿನ ಟ್ಯಾಂಕು ಇರುವ ಬಿಳಿ ಗಾಡಿ, ಅದರ ಮುಂದೆ ಮಡಚೋ ಕುರ್ಚಿ ಹಾಕ್ಕೊಂಡು ಕಾಫಿ ಕುಡಿಯೋ ಜೋಡಿ. ಆಮೇಲೆ ಬರೋದು ಬೆಂಗಳೂರಿನ ಬಾಡಿಗೆ ಗಾಡಿಗಳು. ನಮ್ಮ ಜಿಲ್ಲೆಯ ಹೆಸರು ಎಲ್ಲೂ ಬರಲ್ಲ. ಆದರೆ ಕ್ಯಾರವಾನ್ ಅನ್ನೋ ಪದಕ್ಕೆ ಸರಿಯಾದ ಪದ ನಮ್ಮ ಕಡೆ ದಿನಾ ಬಸ್ಸಿನ ಬೋರ್ಡಿನ ಮ್ಯಾಲೆ ಓದ್ತೀವಿ: ತಾಂಡಾ.

ನಾವು ಐದು ಮಂದಿ ಗೆಳೆಯರು ಡಿಸೆಂಬರ್‌ನಲ್ಲಿ ಎರಡು ರಾತ್ರಿ, ಮೂರು ಹಗಲಿನ ಒಂದು ಪ್ರವಾಸ ಪ್ಲಾನ್ ಮಾಡ್ತಾ ಇದ್ದೀವಿ. ಬಿಳಿ ಗಾಡಿ ನಮ್ಮ ಕೈಗೆ ಎಟುಕಲ್ಲ. ಬಾಡಿಗೆ ಕ್ರೂಸರ್, ಹಿಂದಿನ ಸೀಟು ಮಡಚಿ ಹಾಸಿಗೆ, ಜೊತೆಗೆ ಎರಡು ಟೆಂಟ್. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ, ಅಲ್ಲಿಂದ ಪೂರ್ವಕ್ಕೆ ಹೊರಳಿ ಚಿಂಚೋಳಿ ಕಾಡು. ಎಷ್ಟು ನೀರು, ಎಲ್ಲಿ ವಸತಿ, ಯಾರ ಪರವಾನಗಿ ಅಂತ ಬರೆಯುತ್ತಾ ಹೋದಂತೆ ನನಗೆ ಬೇರೇನೇ ಕಾಣಿಸತೊಡಗಿತು. ಈ ಒಣ ನೆಲದಲ್ಲಿ ಮನೆ ಹೊತ್ತುಕೊಂಡು ನಡೆದವರ ದೊಡ್ಡ ಸಾಲೇ ಅದ. ಸುಲ್ತಾನರು, ಕುದುರೆ ವ್ಯಾಪಾರಿಗಳು, ಸಾಹೇಬರು, ಲಂಬಾಣಿಗರು. ಎಲ್ಲರೂ ಬಿಡಾರ ಹಾಕಿದ್ದು ಒಂದೇ ನೆಲದ ಮ್ಯಾಲೆ. ಎಲ್ಲರಿಗೂ ಸಿಕ್ಕ ಮರ್ಯಾದೆ ಮಾತ್ರ ಒಂದೇ ಅಲ್ಲ.

ಉದ್ದ ಅದ. ಸೇವ್ ಮಾಡಿಟ್ಕೊಂಡು ನಿಧಾನಕ್ಕೆ ಓದ್ರಿ.

ಭಾಗ 2

ಮೊದಲು ನೆಲದ ಮಾತು. ಕಲಬುರಗಿ ಮರುಭೂಮಿ ಅಲ್ಲ. ಮಳೆ ಆಗ್ತದ, ತೊಗರಿ ಬೆಳೀತದ, ತೊಗರಿ ಕಣಜ ಅಂತ ಹೆಸರೇ ಅದ. ಆದರೆ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟೋದು ನಮಗೆ ಸುದ್ದಿಯೇ ಅಲ್ಲ. ಕರಿ ಎರೆಭೂಮಿ ಬಿರುಕು ಬಿಡ್ತದ, ಹಳ್ಳಗಳು ಮಳೆಗಾಲ ಮುಗಿದ ಕೆಲವೇ ತಿಂಗಳಿಗೆ ಬತ್ತಿ ಹೋಗ್ತಾವ. ಅದಕ್ಕೇ ಡಿಸೆಂಬರ್. ಆಗ ಹಗಲು ಹಿತ, ರಾತ್ರಿ ಕಂಬಳಿ ಬೇಕು, ಹಳ್ಳದಾಗ ಸ್ವಲ್ಪಾದ್ರೂ ನೀರಿರ್ತದ.

ಊರು ಬಿಟ್ಟು ಸುಮಾರು 35 ಕಿಲೋಮೀಟರ್ ಹೋದ್ರ ಕಮಲಾಪುರ. ಅಲ್ಲಿಗೆ ಹೋಗೋ ಹೊತ್ತಿಗೆ ಮಣ್ಣಿನ ಬಣ್ಣ ತಿರುಗ್ತದ, ಕರಿ ಹೋಗಿ ಕೆಂಪು. ಆ ಊರಿನ ಕೆಂಪು ಬಾಳೆಹಣ್ಣಿಗೆ ಜಿಐ ಮಾನ್ಯತೆ ಅದ. ರಸ್ತೆ ಪಕ್ಕ ಮಾರ್ತಾರ, ಕಲಬುರಗಿಗಿಂತ ಅಲ್ಲಿ ತಗೊಳ್ಳೋದು ಛಲೋ.

ಚಿಂಚೋಳಿಯದು ಒಣ ಎಲೆಯುದುರು ಕಾಡು. 2011ರಲ್ಲಿ ಸುಮಾರು 135 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮ ಅಂತ ಘೋಷಿಸಿದರು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಅಂತ ಕರೀತಾರ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ ಇರೋ ಜಾಗ. ನಡುವೆ ಚಂದ್ರಂಪಳ್ಳಿ ಜಲಾಶಯ. ಮರುಭೂಮಿ ಉದ್ಯಾನಕ್ಕೆ ನಮ್ಮಲ್ಲಿ ಹತ್ತಿರದ್ದು ಅಂದ್ರ ಇದೇ. ಕಾಡಿನ ಅಂಚಿಗೂ ಒಳಗೂ ತಾಂಡಾಗಳು ಇದಾವ. ಅವು ಅಲ್ಲಿ ಹೆಂಗ ಬಂದವು ಅನ್ನೋದಕ್ಕೇ ಈ ಸರಣಿ ಹೋಗಿ ಮುಟ್ಟೋದು.

ಭಾಗ 3

1347ರಲ್ಲಿ ಬಹಮನಿ ರಾಜ್ಯ ಶುರುವಾದಾಗ ರಾಜಧಾನಿ ಕಲಬುರಗಿ. ಶಾಲೆಯಲ್ಲಿ ಕೋಟೆ, ಜಾಮಿಯಾ ಮಸೀದಿ, ದೊಡ್ಡ ತೋಪು ಇಷ್ಟನ್ನೇ ಹೇಳ್ತಾರ. ಆದರೆ ಆ ಕಾಲದ ಸುಲ್ತಾನರು ಬರೀ ಕೋಟೆಯಲ್ಲೇ ಇರ್ತಿರಲಿಲ್ಲ, ದಂಡು ಹೊರಟಾಗ ಡೇರೆಯಲ್ಲೂ ಇರ್ತಿದ್ದರು. ರಾಜ್ಯ ಆಳೋದು ಅಂದ್ರ ದಂಡು ಕಟ್ಟಿಕೊಂಡು ತಿರುಗೋದು.

ಫಿರೋಜಾಬಾದ್ ನೋಡೀರೇನು? ಕಲಬುರಗಿಯಿಂದ ದಕ್ಷಿಣಕ್ಕೆ, ಭೀಮಾ ದಂಡೆ ಮ್ಯಾಲೆ. ಸುಲ್ತಾನ ಫಿರೋಜ್ ಶಾ 1400ರ ಸುಮಾರಿಗೆ ಕಟ್ಟಿಸಿದ್ದು. ಮೂರು ಕಡೆ ಕಲ್ಲಿನ ಗೋಡೆ, ನಾಲ್ಕನೇ ಕಡೆ ನದಿಯೇ ಗೋಡೆ. ರಾಯಚೂರು ದೋಆಬಿನ ಕಡೆ ದಂಡು ಹೊರಡುವ ದಾರಿಯಲ್ಲೇ ಅದ. ರಿಚರ್ಡ್ ಈಟನ್ ಮತ್ತು ಜಾರ್ಜ್ ಮಿಶೆಲ್ ಈ ಊರಿನ ಮ್ಯಾಲೇ ಒಂದು ಪುಸ್ತಕ ಬರೆದಾರ, 1992ರದ್ದು. ಈಗ ಗೋಡೆಯೊಳಗೆ ಹೊಲ, ಜೋಳ. ನನಗೆ ಅದು ಕಲ್ಲಿನಲ್ಲಿ ಹೊಡೆದ ಡೇರೆ ಥರ ಕಾಣ್ತದ.

ಫಿರೋಜ್ ಶಾನ ತಮ್ಮ ಅಹ್ಮದ್ ಶಾ ಬಂದ ಮ್ಯಾಲೆ ರಾಜಧಾನಿಯನ್ನೇ ಎತ್ತಿಕೊಂಡು ಬೀದರ್‌ಗೆ ಹೋದ. ಒಂದೇ ದಿನದಾಗ ಆದದ್ದಲ್ಲ ಅದು, 1420ರ ದಶಕದಲ್ಲಿ ಶುರುವಾಗಿ ವರ್ಷಗಟ್ಟಲೆ ನಡೆದದ್ದು. ಖಜಾನೆ, ದಫ್ತರು, ಜನಾನಾ, ಅಡಿಗೆಯವರು, ಕಲ್ಲುಕುಟಿಗರು ಎಲ್ಲ ಹೋಗಬೇಕು. ದೂರ ಸುಮಾರು 110 ಕಿಲೋಮೀಟರ್. ಕಮಲಾಪುರ ಈ ಎರಡು ರಾಜಧಾನಿಗಳ ನಡುವಿನ ದಾರಿಯಲ್ಲೇ ಕೂತದ. ದಾರಿಯಲ್ಲಿ ಹೊಳಕುಂದಾ ಹತ್ತಿರ ಬಹಮನಿ ಕಾಲದ ಗೋರಿಗಳ ಗುಂಪು ಅದ, ಹೈವೇಯಿಂದಲೇ ಗುಮ್ಮಟ ಕಾಣ್ತಾವ. ನಮ್ಮ ಪ್ಲಾನಿನಲ್ಲಿ ಮೊದಲ ನಿಲುಗಡೆ ಅದೇ. ಅರ್ಧ ತಾಸು ಸಾಕು ಅಂತ ಉಳಿದವರು, ನನಗೆ ಸಾಲಲ್ಲ.

ಭಾಗ 4

ರಾಜಧಾನಿ ಬೀದರ್‌ಗೆ ಹೋಗಿ ನಾಲ್ವತ್ತು ವರ್ಷದ ಮ್ಯಾಲೆ ಈ ಸೀಮೆಗೆ ಒಬ್ಬ ರಷ್ಯದವ ಬಂದ. ಹೆಸರು ಅಫನಾಸಿ ನಿಕಿತಿನ್, ತ್ವೇರ್ ಪಟ್ಟಣದ ವ್ಯಾಪಾರಿ. ವಾಸ್ಕೊ ಡ ಗಾಮಾಗಿಂತ ಸುಮಾರು ಮೂವತ್ತು ವರ್ಷ ಮೊದಲು. ಬಂಡವಾಳ ಏನು ಗೊತ್ತೇನ್ರಿ? ಒಂದು ಗಂಡು ಕುದುರೆ. ಹಡಗಿನಲ್ಲಿ ಏರಿಸಿಕೊಂಡು ಬಂದ, ಜುನ್ನರ್ ಮುಟ್ಟೋ ಹೊತ್ತಿಗೆ ಅದಕ್ಕೆ ನೂರು ರೂಬಲ್ ಖರ್ಚು ಬಿದ್ದಿತ್ತು ಅಂತ ಅವನೇ ಬರೆದಾನ. ಜುನ್ನರ್‌ನಲ್ಲಿ ಅಲ್ಲಿನ ಅಧಿಕಾರಿ ಕುದುರೆ ಕಸ್ಕೊಂಡು, ಧರ್ಮ ಬದಲಾಯಿಸಿದ್ರ ಕುದುರೆ ಜೊತೆ ಸಾವಿರ ಬಂಗಾರದ ನಾಣ್ಯ ಕೊಡ್ತೀನಿ ಅಂದ. ಅವನು ಒಪ್ಪಲಿಲ್ಲ, ಕೊನೆಗೆ ಕುದುರೆ ವಾಪಸ್ ಸಿಕ್ಕಿತು. ಮಾರಾಟ ಆದದ್ದು ಬೀದರ್‌ನಲ್ಲಿ.

ಅವನ ಬರಹದಲ್ಲಿ ನಮ್ಮ ಆಳಂದದ ಸಂತೆ ಬರ್ತದ. ಶೇಖ್ ಅಲಾವುದ್ದೀನ್ ಅನ್ನೋ ಸಂತರ ಹೆಸರಿನಲ್ಲಿ ವರ್ಷಕ್ಕೊಮ್ಮೆ, ಹತ್ತು ದಿನ. ಮಾರಾಟಕ್ಕೆ ಬರ್ತಿದ್ದ ಕುದುರೆ 20,000ದವರೆಗೆ ಅಂತಾನ. ಲೆಕ್ಕ ಹೆಚ್ಚಾಗೇ ಹೇಳಿರಬಹುದು, ವ್ಯಾಪಾರಿ ಅಲ್ಲೇನು. ಅದರ ಅರ್ಧ ಅಂದ್ರೂ ಅಷ್ಟು ಕುದುರೆ, ಅವನ್ನು ನೋಡ್ಕೊಳ್ಳೋ ಮಂದಿ, ಅವರ ಒಲೆ, ಹುಲ್ಲು, ನೀರು, ಎಲ್ಲ ಬಯಲಿನಲ್ಲೇ. ಹತ್ತು ದಿನಕ್ಕೆ ಒಂದು ಪಟ್ಟಣ ಎದ್ದು ಮತ್ತೆ ಮಾಯ.

ಸುಲ್ತಾನನ ವಿಹಾರವನ್ನೂ ಅವನು ನೋಡಿದ್ದ. ಮಂಗಳವಾರ, ಗುರುವಾರ ಸುಲ್ತಾನ ಊರ ಹೊರಗೆ ಮೋಜಿಗೆ ಹೋಗ್ತಿದ್ದ. ಜೊತೆಗೆ ತಾಯಿ, ಹೆಂಡತಿ ಇದ್ದಾಗ 10,000 ಕುದುರೆ ಸವಾರರು, 50,000 ಕಾಲಾಳು, 200 ಆನೆ. ಸುಲ್ತಾನನಿಗೆ ಆಗ ಇಪ್ಪತ್ತು ವರ್ಷ. ನಮ್ಮದೇ ವಯಸ್ಸು! ನಾವು ಐದು ಜನಕ್ಕೆ ಮನೆಯಲ್ಲಿ ಪರ್ಮಿಷನ್ ಕೇಳೋದ್ರಾಗೇ ಸಾಕಾಗೇದ.

ಆದರೆ ಅದೇ ನಿಕಿತಿನ್ ಇನ್ನೊಂದು ಮಾತೂ ಬರೆದಾನ: ಇಲ್ಲಿ ಜನ ಬಹಳ, ಹಳ್ಳಿಯವರು ಕಡು ಬಡವರು, ದೊಡ್ಡವರು ಮಾತ್ರ ಬಹಳ ಶ್ರೀಮಂತರು. ಮೆರವಣಿಗೆ ಬೆರಗಿನ ನಡುವೆ ಅದನ್ನೂ ನೋಡಿದ್ದಕ್ಕೇ ನನಗೆ ಅವನು ಇಷ್ಟ.

ಭಾಗ 5

ಈಗ ಬಜೆಟ್. ಕಾಮರ್ಸ್ ಓದೋರಿಗೆ ಇಲ್ಲೇ ಮಜಾ.

ಫ್ರಾನ್ಸಿನ ವಜ್ರದ ವ್ಯಾಪಾರಿ ತಾವೆರ್ನಿಯೆ 1600ರ ದಶಕಗಳಲ್ಲಿ ಗೋಲ್ಕೊಂಡಾ ಕಡೆ ಮತ್ತೆ ಮತ್ತೆ ಓಡಾಡಿದವನು. ಭಾರತದಲ್ಲಿ ಪ್ರಯಾಣ ಹೆಂಗ ಮಾಡಬೇಕು, ಎಷ್ಟು ಖರ್ಚು ಅಂತ ಅವನು ಬರೆದದ್ದು ಈಗಿನ ಟ್ರಾವೆಲ್ ವ್ಲಾಗ್‌ಗಳಿಗಿಂತ ಚೊಕ್ಕ ಅದ. ಎತ್ತಿನ ಸವಾರಿ ಗಾಡಿ ಬಾಡಿಗೆ ದಿನಕ್ಕೆ ಸುಮಾರು ಒಂದು ರೂಪಾಯಿ. ಸೂರತ್‌ನಿಂದ ಆಗ್ರಾಕ್ಕೆ 35–40 ದಿನ, ಬಾಡಿಗೆ 40–45 ರೂಪಾಯಿ. ಸೂರತ್‌ನಿಂದ ಗೋಲ್ಕೊಂಡಾಕ್ಕೂ ಹೆಚ್ಚೂ ಕಮ್ಮಿ ಅಷ್ಟೇ.

ಅವನದು ಸ್ವಂತ ಗಾಡಿ. ಎತ್ತಿನ ಜೋಡಿಗೆ ಕೊಟ್ಟದ್ದು ಹತ್ತಿರ ಹತ್ತಿರ 600 ರೂಪಾಯಿ. ದಾರಿ ಕಾವಲಿಗೆ ಇಟ್ಕೊಳ್ತಿದ್ದ ಸಿಪಾಯಿಯ ಸಂಬಳ ತಿಂಗಳಿಗೆ ನಾಲ್ಕು ರೂಪಾಯಿ. ಭಾಗಿಸಿ ನೋಡ್ರಿ: ಒಂದು ಜೋಡಿ ಎತ್ತು ಅಂದ್ರ ಒಬ್ಬ ಸಿಪಾಯಿಯ 150 ತಿಂಗಳ ದುಡಿಮೆ, ಹನ್ನೆರಡೂವರೆ ವರ್ಷ. ಬಿಳಿ ಕ್ಯಾರವಾನ್ ಆಗಲೂ ಎಲ್ಲರಿಗೂ ಎಟುಕುತ್ತಿರಲಿಲ್ಲ.

ಎತ್ತಿನ ಮೇವಿನ ಲೆಕ್ಕವೂ ಅದ. ಮಧ್ಯಾಹ್ನ ಗೋಧಿ ಹಿಟ್ಟಿಗೆ ಬೆಣ್ಣೆ, ಬೆಲ್ಲ ಕಲಸಿದ ಎರಡು ಮೂರು ಉಂಡೆ. ಸಂಜೆ ನೆನೆಸಿದ ಕಡಲೆ ನುಚ್ಚು. ಅಂದ್ರ ಮಾಲ್ದಿ ಉಂಡೆ ತಿನ್ನಿಸಿ ಓಡಿಸ್ತಿದ್ದರು. ನಮ್ಮ ಬುತ್ತಿ ಅದಕ್ಕಿಂತ ಸಾದಾ: ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ. ಕಡಕ್ ರೊಟ್ಟಿ ತಿಂಗಳಾದ್ರೂ ಕೆಡಲ್ಲ, ಬಿಸಿ ಮಾಡೋದು ಬೇಡ, ಉರುವಲು ಬೇಡ. ಒಣ ಸೀಮೆಯ ಪ್ರಯಾಣಕ್ಕೆ ಇದಕ್ಕಿಂತ ಬುದ್ಧಿವಂತ ತಿನಿಸು ಇನ್ನೊಂದಿಲ್ಲ.

ಭಾಗ 6

ತಾವೆರ್ನಿಯೆ ದಾರಿಯಲ್ಲಿ ಕಂಡು ಬೆಕ್ಕಸ ಬೆರಗಾದದ್ದು ಇನ್ನೊಂದನ್ನ. ಒಂದೇ ಗುಂಪಿನಲ್ಲಿ ಹತ್ತು, ಹನ್ನೆರಡು ಸಾವಿರ ಎತ್ತು. ಬೆನ್ನ ಮ್ಯಾಲೆ ಅಕ್ಕಿ, ಜೋಳ, ಬ್ಯಾಳಿ, ಉಪ್ಪು. ಇಕ್ಕಟ್ಟಿನ ದಾರಿಯಲ್ಲಿ ಎದುರಾದರೆ ಎಲ್ಲ ದಾಟಿ ಹೋಗೋತನಕ ಎರಡು ಮೂರು ದಿನ ನಿಂತೇ ಇರಬೇಕು. ಇವರು ಮನೆಯಲ್ಲಿ ಇರೋರೇ ಅಲ್ಲ, ಹೆಂಡತಿ ಮಕ್ಕಳನ್ನು ಕರ್ಕೊಂಡೇ ತಿರುಗ್ತಾರ, ಒಬ್ಬ ನಾಯಕ ಇರ್ತಾನ, ಅವನ ಕೊರಳಲ್ಲಿ ಮುತ್ತಿನ ಸರ ಅಂತ ಬರೆದಾನ.

ಬಂಜಾರರು. ನಮ್ಮ ಕಡೆ ಲಂಬಾಣಿಗರು, ಲಮಾಣ್ಯಾರು. ಲವಣ, ಅಂದ್ರ ಉಪ್ಪು ಹೊತ್ತವರು ಅನ್ನೋದರಿಂದ ಆ ಹೆಸರು ಬಂತು ಅಂತ ಬಹಳ ಮಂದಿ ಹೇಳ್ತಾರ. ಎತ್ತಿನ ಮ್ಯಾಲೆ ಹೇರಿ ಮಾಡೋ ಈ ವ್ಯಾಪಾರಕ್ಕೆ ಅವರ ಮಾತಿನಲ್ಲಿ ಲದೇಣಿ ಅಂತಾರ. ಹೇರು ಹೊತ್ತು ನಡೆಯೋ ಈ ಇಡೀ ಗುಂಪಿಗೇ ತಾಂಡಾ ಅಂತ ಹೆಸರು. ತಾಂಡಾ ಅಂದ್ರ ಊರಲ್ಲ. ನಡೆಯೋ ಊರು.

ಈ ವ್ಯಾಪಾರ ಎಷ್ಟು ದೊಡ್ಡದು ಅಂತ ನಮಗೆ ಅಂದಾಜೇ ಇಲ್ಲ. ರೈಲಿಲ್ಲ, ಲಾರಿಯಿಲ್ಲ, ಗಾಡಿ ಹೋಗುವಂಥ ರಸ್ತೆಯೂ ಕಮ್ಮಿ. ಮಳೆಗಾಲದಲ್ಲಿ ಎರೆಭೂಮಿಗೆ ಗಾಡಿ ಇಳಿಸಿ ನೋಡ್ರಿ, ಗಾಲಿ ಅಚ್ಚಿನತನಕ ಹೂತು ಹೋಗ್ತದ. ಬೆನ್ನಿಗೆ ಗೋಣಿ ಹೊತ್ತ ಎತ್ತಿಗೆ ರಸ್ತೆ ಬೇಡ. ಕಡಲ ದಂಡೆಯ ಉಪ್ಪು ಒಳನಾಡಿನ ಅಡಿಗಿ ಮನಿಗೆ ಬಂದದ್ದು, ಬರ ಬಿದ್ದ ಸೀಮೆಗೆ ಕಾಳು ಹೋದದ್ದು, ದಂಡಿಗೆ ರೇಷನ್ ಮುಟ್ಟಿದ್ದು ಇವರ ಎತ್ತಿನ ಬೆನ್ನ ಮ್ಯಾಲೆ. ಮೊಘಲರ ದಂಡಿಗೂ ಇವರೇ, 1803ರಲ್ಲಿ ಮರಾಠರ ಮ್ಯಾಲೆ ಹೋದ ವೆಲ್ಲೆಸ್ಲಿಯ ದಂಡಿಗೂ ಇವರೇ. ಸೈನ್ಯದ ಹಿಂದೆ ನಡೆದರೂ ಅವರು ಆಳುಗಳಲ್ಲ, ವ್ಯಾಪಾರಿಗಳು. ತಮ್ಮ ದುಡ್ಡಿನಿಂದ ಕೊಂಡು, ತಮ್ಮ ಎತ್ತಿನ ಮ್ಯಾಲೆ ತಂದು, ದಂಡಿನ ಬಜಾರಿನಲ್ಲಿ ಮಾರೋರು. ಲಾಭ ಅವರದು, ನಷ್ಟವೂ ಅವರದು.

ಇಂಥದನ್ನ ನಮ್ಮ ಸಿಲೆಬಸ್ಸಿನಲ್ಲಿ ಲಾಜಿಸ್ಟಿಕ್ಸ್ ಅಂತ ಒಂದು ಯೂನಿಟ್ ಮಾಡಿ ಕಲಿಸ್ತಾರ. ಉದಾಹರಣೆ ಎಲ್ಲ ಅಮೆರಿಕದ ಕಂಪನಿಗಳದ್ದು.

ಭಾಗ 7

ನಮ್ಮ ಐವರಲ್ಲಿ ಒಬ್ಬ ಕಮಲಾಪುರ ತಾಲೂಕಿನ ತಾಂಡಾದವ. ಪ್ಲಾನ್ ಹೇಳಿದಾಗ ಅವನ ಅಜ್ಜಿ ಟೆಂಟ್ ಎಂಥಾದು, ಗಾಡಿ ಎಂಥಾದು ಅಂತ ಏನೂ ಕೇಳಲಿಲ್ಲವಂತೆ. ಕೇಳಿದ್ದು ಒಂದೇ: "ನೀರು ಎಲ್ಲಿ ತುಂಬ್ಕೋತೀರಿ?"

ಅದೇ ಸರಿಯಾದ ಪ್ರಶ್ನೆ. ಹತ್ತು ಸಾವಿರ ಎತ್ತಿನ ತಾಂಡಾ ದಿನಕ್ಕೆ ಎಷ್ಟು ದೂರ ನಡೀಬೇಕು ಅನ್ನೋದನ್ನ ನಾಯಕ ತೀರ್ಮಾನ ಮಾಡ್ತಿರಲಿಲ್ಲ, ಮುಂದಿನ ಕೆರೆ ತೀರ್ಮಾನ ಮಾಡ್ತಿತ್ತು. ಎಲ್ಲಿ ಹಳ್ಳ, ಎಲ್ಲಿ ಭಾವಿ, ಯಾವ ತಿಂಗಳಿಗೆ ಯಾವುದು ಬತ್ತತದ, ಎಲ್ಲಿ ಮೇವು ಸಿಗ್ತದ, ಇಷ್ಟೂ ತಲೆಯೊಳಗಿನ ನಕ್ಷೆ.

ಲಂಬಾಣಿಗರಲ್ಲಿ ನಡೆದು ಬಂದ ಒಂದು ಮಾತಿದೆ, ರಸೆಲ್ ಮತ್ತು ಹೀರಾಲಾಲ್ 1916ರ ತಮ್ಮ ಪುಸ್ತಕದಲ್ಲೂ ಬರೆದುಕೊಂಡಾರ. ಶಹಜಹಾನನ ಕಾಲದಲ್ಲಿ ವಜೀರ ಆಸಫ್ ಖಾನ್ ವಿಜಯಪುರದ ಮ್ಯಾಲೆ ದಂಡೆತ್ತಿ ಬಂದಾಗ ಕಾಳು ಕಡಿ ಹೊತ್ತು ಬಂದವರು ಭಂಗಿ, ಜಂಗಿ ಅನ್ನೋ ಇಬ್ಬರು ನಾಯಕರು. ಅವರಿಗೆ ತಾಮ್ರದ ತಗಡಿನ ಮ್ಯಾಲೆ ಬಂಗಾರದ ಅಕ್ಷರದಲ್ಲಿ ಒಂದು ಸನದು ಸಿಕ್ಕಿತಂತೆ. ಯಾರ ಮನೆಯ ಗಡಿಗೆಯ ನೀರಾದರೂ ತಗೋಬಹುದು, ಯಾರ ಚಪ್ಪರದ ಹುಲ್ಲಾದರೂ ಎತ್ತಿಗೆ ಹಾಕಬಹುದು, ವಜೀರನ ಕುದುರೆ ನಿಂತಲ್ಲಿ ಇವರ ಎತ್ತೂ ನಿಲ್ಲಬಹುದು. ತಗಡು ನಿಜವೋ ಕತೆಯೋ, ಆ ಪಟ್ಟಿಯಲ್ಲಿ ಮೊದಲು ಬಂದದ್ದು ನೀರು, ಆಮೇಲೆ ಮೇವು. ಜಮೀನು ಕೇಳಿಲ್ಲ, ಪದವಿ ಕೇಳಿಲ್ಲ. ಆದರೆ ಚಪ್ಪರ ಕಳಕೊಂಡ ರೈತನ ಕಡೆಯಿಂದಲೂ ನೋಡ್ರಿ. ದಂಡಿನ ಜೊತೆ ಬಂದ ತಾಂಡಾ ಹಳ್ಳಿಗೆ ಬರೀ ಉಪ್ಪು ತರ್ತಿರಲಿಲ್ಲ.

ನಮ್ಮ ಲೆಕ್ಕ: ತಲೆಗೆ ದಿನಕ್ಕೆ ಕುಡಿಯೋಕೆ ಐದು ಲೀಟರ್, ಐದು ಮಂದಿ, ಮೂರು ದಿನ, 75 ಲೀಟರ್. ಅಡಿಗಿ, ಪಾತ್ರೆ, ಮುಖ ತೊಳೆಯೋದು ಬೇರೆ. 20 ಲೀಟರಿನ ಆರು ಕ್ಯಾನ್, ಕಮಲಾಪುರದಾಗ ಒಮ್ಮೆ, ಚಿಂಚೋಳಿಯಾಗ ಒಮ್ಮೆ ತುಂಬೋದು. ಅಜ್ಜಿ ಕೇಳಿ, "ಕೊಡ ಒಯ್ಯಿರಿ, ಕ್ಯಾನಿನ ನೀರು ಬಿಸಿ ಆಗ್ತದ" ಅಂದಳಂತೆ.

ಭಾಗ 8

ನೀರಿನ ನಂತರ ಭಯ. ರಾತ್ರಿ ಪಕ್ಕದ ಬಿಡಾರದಲ್ಲಿ ಮಲಗಿದವನು ಯಾರು?

1800ರ ಮೊದಲ ದಶಕಗಳಲ್ಲಿ ಪ್ರಯಾಣಿಕರನ್ನ ಕಾಡಿದ ಹೆಸರು ಠಗ್ಗರು. ದಾರಿಯಲ್ಲಿ ಸಹಪ್ರಯಾಣಿಕರ ಹಾಗೆ ಸೇರಿಕೊಂಡು, ಜೊತೆಗೆ ಉಂಡು, ಬಿಡಾರದಲ್ಲೇ ಕೊರಳಿಗೆ ವಸ್ತ್ರ ಬಿಗಿದು ಕೊಲ್ಲೋರು ಅಂತ. ಇವರ ಕತೆಯನ್ನು ಇಂಗ್ಲೆಂಡಿಗೆ ಮುಟ್ಟಿಸಿದವ ನಮ್ಮ ಸುರಪುರದ ಮೆಡೋಸ್ ಟೇಲರ್. ನಿಜಾಮರ ಸೇವೆಯಲ್ಲಿದ್ದ ಅಧಿಕಾರಿ. 1839ರಲ್ಲಿ ಒಬ್ಬ ಠಗ್ಗನ ತಪ್ಪೊಪ್ಪಿಗೆಯ ರೂಪದಲ್ಲಿ ಬಂದ ಅವನ ಕಾದಂಬರಿ ಅಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಆಮೇಲೆ 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರದ ಆಡಳಿತ ನೋಡ್ಕೊಂಡ. ಅವನ ಬಂಗಲೆ ಟೇಲರ್ ಮಂಜಿಲ್ ಈಗಲೂ ಗುಡ್ಡದ ಮ್ಯಾಲೆ ಅದ.

ಟೇಲರ್ ಕೂಡ ಡೇರೆ ಮನುಷ್ಯ. ತಿಂಗಳುಗಟ್ಟಲೆ ಕುದುರೆ ಮ್ಯಾಲೆ ತಿರುಗಾಟ, ಬಯಲಲ್ಲಿ ಕಚೇರಿ, ಬಿಡುವಾದರೆ ಜೇವರ್ಗಿ, ಸುರಪುರ ಸೀಮೆಯ ಬೃಹತ್ ಶಿಲಾ ಸಂಸ್ಕೃತಿಯ ಗೋರಿಗಳನ್ನು ಅಗೆದು ನೋಡೋದು. ಒಳ್ಳೆ ಮನುಷ್ಯ ಅಂತ ಈ ಕಡೆ ಮಂದಿ ಇವತ್ತಿಗೂ ಅಂತಾರ, ನನಗೂ ಹಾಗೇ ಅನ್ನಿಸ್ತದ. ಸಾಹೇಬ ಡೇರೆ ಹೊಡೆದರೆ ಅದರ ಹೆಸರು ಕ್ಯಾಂಪ್. ಕ್ಯಾಂಪಿಗೆ ಹಾಲು, ಕೋಳಿ, ಹುಲ್ಲು ಹಳ್ಳಿಯಿಂದ ಬರ್ತಿತ್ತು.

ಆದರೆ ಠಗ್ಗರನ್ನು ಹಿಡಿಯೋ ಕಾರ್ಯಾಚರಣೆ ಸರಕಾರಕ್ಕೆ ಒಂದು ಕೆಟ್ಟ ಚಟ ಕಲಿಸಿತು. ಯಾರು ಏನು ಮಾಡಿದರು ಅಂತ ನೋಡೋ ಬದಲು ಯಾವ ಗುಂಪಿನವರು ಅಂತ ನೋಡೋದು. 1836ರ ಠಗ್ಗರ ಕಾಯ್ದೆಯಲ್ಲಿ ಗುಂಪಿಗೆ ಸೇರಿದವ ಅಂತ ಸಾಬೀತಾದರೆ ಸಾಕಿತ್ತು, ಜೀವಾವಧಿ ಶಿಕ್ಷೆ. ಮನೆ ಇಲ್ಲದೆ ತಿರುಗೋರು ಅಂದ್ರ ಅನುಮಾನ. ಆ ಅನುಮಾನ ಯಾರ ಮ್ಯಾಲೆ ಬಂದು ಕೂತಿತು ಅಂತ ಮುಂದೆ ನೋಡ್ರಿ.

ಭಾಗ 9

1871. ಒಂದೇ ವರ್ಷ, ಎರಡು ಘಟನೆ.

ಒಂದು, ಬೊಂಬಾಯಿ ಕಡೆಯಿಂದ ಸೊಲ್ಲಾಪುರ, ಕಲಬುರಗಿ ದಾಟಿ ಬಂದ ಜಿಐಪಿ ರೈಲು ಹಳಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಗೆ ಕೂಡಿತು. ಮೂರು ವರ್ಷಕ್ಕೆ ವಾಡಿಯಿಂದ ಹೈದರಾಬಾದಿಗೂ ಹಳಿ ಬಿತ್ತು. ಸಾವಿರ ಎತ್ತು ವಾರಗಟ್ಟಲೆ ಹೊತ್ತು ತರೋ ಉಪ್ಪನ್ನು ಗೂಡ್ಸ್ ಗಾಡಿ ಒಂದೆರಡು ದಿನಕ್ಕೆ ತಂದು ಇಳಿಸ್ತದ, ಬಾಡಿಗೆಯೂ ಕಮ್ಮಿ. ಉಪ್ಪಿನ ವ್ಯಾಪಾರ ಅದಾಗಲೇ ಬ್ರಿಟಿಷರ ಹಿಡಿತಕ್ಕೆ ಹೋಗಿತ್ತು. ಲದೇಣಿಯ ಬೆನ್ನು ಮುರಿಯಿತು. ಕಮಲಾಪುರದಂಥ ಒಳದಾರಿಗಳಿಗೆ ಮಾತ್ರ ರೈಲು ಬರಲಿಲ್ಲ. ಬೀದರ್–ಕಲಬುರಗಿ ಹಳಿ ಶುರುವಾದದ್ದು 2017ರ ಅಕ್ಟೋಬರ್ 29ಕ್ಕೆ, 146 ವರ್ಷದ ಮ್ಯಾಲೆ. ಅದಕ್ಕೋಸ್ಕರ ಮರಗುತ್ತಿ ಹತ್ತಿರ ಗುಡ್ಡ ಕೊರೆದು ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗ ಮಾಡ್ಯಾರ.

ಎರಡು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸರಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತು. ಒಂದು ಜನಾಂಗವನ್ನೇ ಹುಟ್ಟಿನಿಂದ ಅಪರಾಧಿ ಅಂತ ಬರೆದಿಡೋ ಕಾನೂನು. ಹೆಸರು ನೋಂದಣಿ, ಪೊಲೀಸರ ಮುಂದೆ ಹಾಜರಿ, ಊರು ಬಿಡಬೇಕಂದ್ರ ಪಾಸು. ಮೊದಲು ಉತ್ತರ ಭಾರತಕ್ಕೆ, 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ. ನಮ್ಮದು ನಿಜಾಮರ ಸಂಸ್ಥಾನ, ಕಾನೂನು ಬೇರೆ. ಆದರೆ ದೃಷ್ಟಿ ಬೇರೆ ಇರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಲಂಬಾಣಿಗರಿಗೆ ಏನಾಯಿತು ಅಂತ ಇತಿಹಾಸಕಾರ ಭಂಗ್ಯಾ ಭೂಕ್ಯಾ 2010ರಲ್ಲಿ ಒಂದು ಪುಸ್ತಕವನ್ನೇ ಬರೆದಾರ. ಅವರೂ ಅದೇ ಸಮುದಾಯದವರು. ವ್ಯಾಪಾರ ಹೋಯಿತು, ಮೇವಿನ ಕಾಡಿಗೆ ಬೇಲಿ ಬಿತ್ತು, ತಿರುಗೋ ಬದುಕಿಗೇ ಅಪರಾಧದ ಪಟ್ಟಿ ಹತ್ತಿತು ಅನ್ನೋದನ್ನ ದಾಖಲೆ ಹಿಡಿದು ತೋರಿಸ್ತಾರ.

ನೋಡ್ರಿ ಎಂಥ ಲೆಕ್ಕ. ಒಂದು ಕೈ ಹೊಟ್ಟೆಪಾಡು ಕಸಿದುಕೊಂಡಿತು. ಇನ್ನೊಂದು ಕೈ, ಹೊಟ್ಟೆಪಾಡಿಲ್ಲದೆ ಯಾಕೆ ತಿರುಗ್ತೀರಿ ಅಂತ ಕೇಳಿತು.

ಭಾಗ 10

ಹಂಗಾಗಿ ತಾಂಡಾ ನಿಂತಿತು. ಎಲ್ಲಿ ನಿಂತಿತು? ಒಳ್ಳೆ ಎರೆಭೂಮಿಗೆ ಆಗಲೇ ಮಾಲೀಕರು ಇದ್ದರು. ಉಳಿದದ್ದು ಗುಡ್ಡದ ಓರೆ, ಕೆಂಪು ಮಸಾರಿ, ಕಾಡಿನ ಅಂಚು. ಕಮಲಾಪುರ, ಚಿಂಚೋಳಿ ಸೀಮೆಯ ನಕ್ಷೆ ಬಿಚ್ಚಿ ನೋಡ್ರಿ, ತಾಂಡಾ ಅಂತ ಬರೆದಲ್ಲೆಲ್ಲ ಪಕ್ಕದಲ್ಲಿ ಗುಡ್ಡವೋ ಹಸಿರು ಬಣ್ಣವೋ ಇರ್ತದ. ನಡೆಯೋ ಊರಿನ ಹೆಸರು ನಿಂತ ಊರಿಗೆ ಉಳಿದು ಹೋಯಿತು.

ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮ್ಯಾಲೆ. ಅದರ ಜಾಗಕ್ಕೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆ ಅಂತ ಬಂದವು. ಹಳೆ ಅನುಮಾನ ಪೂರಾ ಹೋಗಲಿಲ್ಲ ಅನ್ನೋದಕ್ಕೆ ಬೇರೆ ಪುರಾವೆ ಬೇಡ. ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ ಇಟ್ಕೊಂಡು ಕೂತ ಲಂಬಾಣಿ ಕುಟುಂಬವನ್ನ ಮಂದಿ ಹೆಂಗ ನೋಡ್ತಾರ ಅಂತ ಒಂದು ಹತ್ತು ನಿಮಿಷ ನಿಂತು ನೋಡಿದ್ರ ಸಾಕು.

ಕಾಡಿನ ಕಾನೂನು ಈಗ ನಮಗೂ ಅನ್ವಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಹೋಗೋಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಮನಸ್ಸಿಗೆ ಬಂದಲ್ಲಿ ಟೆಂಟ್ ಹೊಡೆಯೋದು, ಬೆಂಕಿ ಹಾಕೋದು ನಡೆಯಲ್ಲ. ರೀಲ್ಸ್ ನೋಡಿ ಹೊರಟವರು ಇದನ್ನ ದಯವಿಟ್ಟು ಓದ್ಕೋರಿ. ಒಣ ಕಾಡಿಗೆ ಒಂದು ಕಿಡಿ ಸಾಕು. ನಾವು ಹಗಲಿಗೆ ಪರವಾನಗಿ ತಗೊಂಡು ಒಳಗೆ, ರಾತ್ರಿ ಕಾಡಿನ ಹೊರಗೆ ಅಂತ ತೀರ್ಮಾನ ಮಾಡೀವಿ. ಒಂದು ರಾತ್ರಿ ಗೆಳೆಯನ ತಾಂಡಾದಲ್ಲಿ, ಇನ್ನೊಂದು ರಾತ್ರಿ ಚಿಂಚೋಳಿ ಕಡೆ ಪರಿಚಯದವರ ಹೊಲದಲ್ಲಿ.

ಕರ್ನಾಟಕದ ಪ್ರವಾಸೋದ್ಯಮ ಕ್ಯಾರವಾನ್ ಪ್ರವಾಸವನ್ನ ಬೆಳೆಸಬೇಕು ಅಂತದ. ಬೆಳೆಸಲಿ, ನನಗೇನೂ ತಕರಾರಿಲ್ಲ, ನಾನೇ ಹೊರಟೀನಿ. ಆದರೆ ಮನೆ ಕಟ್ಕೊಂಡು ಊರೂರು ತಿರುಗಿದ್ದಕ್ಕೆ ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕಿಸಿಕೊಂಡವರ ನೆಲದಲ್ಲೇ, ಅದನ್ನೇ ಈಗ ಹೊಸ ಅನುಭವ ಅಂತ ಮಾರುವಾಗ, ಬ್ರೋಷರಿನಲ್ಲಿ ಒಂದು ಸಾಲಿನಷ್ಟಾದರೂ ಅವರ ಹೆಸರು ಇರಬೇಕಿತ್ತು.

ಭಾಗ 11

ಒಂದು ವಿಚಿತ್ರ ಹೇಳ್ತೀನಿ. ಇದೇ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಚಿಂಚೋಳಿ ದಾಟಿ ತಾಂಡೂರ್ ಕಡೆ, ತೆಲಂಗಾಣಕ್ಕೆ ಹೋದ್ರ ಪರಿಶಿಷ್ಟ ಪಂಗಡ. ಈ ಕಡೆ ಆಳಂದ ದಾಟಿ ಮಹಾರಾಷ್ಟ್ರಕ್ಕೆ ಹೋದ್ರ ವಿಮುಕ್ತ ಜಾತಿ. ಗೆಳೆಯನ ಸೋದರತ್ತೆಯನ್ನ ಕೊಟ್ಟದ್ದು ತೆಲಂಗಾಣಕ್ಕೆ. ಅವನಿಗೂ ಆಕೆಯ ಮಗನಿಗೂ ಸರ್ಟಿಫಿಕೇಟ್ ಬೇರೆ, ಮಾತು ಒಂದೇ, ಹಬ್ಬ ಒಂದೇ.

ಮನೆಯ ಕಾಗದದ ಕತೆ ಇನ್ನೂ ತಡವಾಗಿ ಬಂತು. ಬಹಳ ತಾಂಡಾಗಳು ಕಂದಾಯ ಇಲಾಖೆಯ ಪುಸ್ತಕದಲ್ಲಿ ಊರೇ ಅಲ್ಲ, ದಾಖಲೆ ಇಲ್ಲದ ವಸತಿ. ಮೂರು ತಲೆಮಾರು ಇದ್ದ ಮನೆಯೂ ಕಾಗದದಾಗ ಅವರದಲ್ಲ. ಅಂದ್ರ ಅದರ ಮ್ಯಾಲೆ ಬ್ಯಾಂಕ್ ಸಾಲ ಇಲ್ಲ, ಮಾರೋಕೆ ಬರಲ್ಲ, ಮಕ್ಕಳ ಹೆಸರಿಗೆ ಮಾಡೋಕೆ ಬರಲ್ಲ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಐದು ಜಿಲ್ಲೆಗಳಲ್ಲಿ ಇಂಥ 1,475 ವಸತಿಗಳನ್ನ ಹೊಸ ಕಂದಾಯ ಗ್ರಾಮ ಅಂತ ಘೋಷಿಸಿ, 2023ರ ಜನವರಿ 19ಕ್ಕೆ ನಮ್ಮ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಬಂದು ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಮಳಖೇಡ ಅಂದ್ರ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಆ ದಿನ ಚುನಾವಣೆ ಹತ್ತಿರ ಇತ್ತು ಅನ್ನೋದೂ ನಿಜ, ಕಾಗದ ಕೈಗೆ ಬಂದದ್ದೂ ನಿಜ.

ಕಾಗದ ಬಂದ ಮಾತ್ರಕ್ಕೆ ತಿರುಗಾಟ ನಿಂತಿಲ್ಲ. ದೀಪಾವಳಿ ಮುಗಿದ ಮ್ಯಾಲೆ ಗೆಳೆಯನ ತಂದೆ ತಾಯಿ ಕಬ್ಬು ಕಡಿಯೋಕೆ ಮಹಾರಾಷ್ಟ್ರದ ಕಡೆ ಹೋಗ್ತಾರ. ಮುಂಗಡ ತಗೊಂಡಿರ್ತಾರ, ಅದು ತೀರೋತನಕ ಅಲ್ಲೇ. ಗದ್ದೆ ಪಕ್ಕ ತಾಡಪಾಲು ಗುಡಿಸಲು, ಮೂರು ಕಲ್ಲಿನ ಒಲೆ, ಟ್ಯಾಂಕರ್ ನೀರು. ಇನ್ನು ಕೆಲವರು ಪುಣೆ, ಮುಂಬೈ, ಹೈದರಾಬಾದ್ ಅಂತ ಕಟ್ಟಡ ಕೆಲಸಕ್ಕೆ. ನಾವು ಆನ್‌ಲೈನ್‌ನಲ್ಲಿ ಟೆಂಟ್ ಆರಿಸ್ತಾ, ಎಷ್ಟು ಮಂದಿ ಮಲಗಬಹುದು ಅಂತ ಗ್ರೂಪಿನಲ್ಲಿ ವಾದ ಮಾಡ್ತಾ ಇದ್ದಾಗ ಅವನು ಒಂದೇ ಸಾಲು ಹಾಕಿದ: "ನಮ್ಮಪ್ಪ ನಮ್ಮವ್ವ ಹೋದ ವರ್ಷ ಐದು ತಿಂಗಳು ಇಂಥದ್ರಾಗೇ ಇದ್ರಲೇ, ಅವರನ್ನ ಕೇಳ್ತೀನಿ ತಡಿ."

ಕೇಳಿ ಬಂದ. ತಾಡಪಾಲನ್ನ ಗಾಳಿ ಬರೋ ಕಡೆ ಇಳಿಜಾರು ಮಾಡಿ ಕಟ್ಟಬೇಕಂತ. ಸುತ್ತ ಒಂದು ಗೇಣು ಆಳದ ಕಾಲುವೆ ತೆಗೀಬೇಕಂತ, ಅಕಾಲ ಮಳೆ ಬಂದ್ರ ನೀರು ಒಳಗ ಬರಬಾರದು. ಒಲೆ ಬಾಗಿಲಿಗೆ ಎದುರು ಬ್ಯಾಡ.

ಡಿಸೆಂಬರ್‌ನಲ್ಲಿ ನಾವು ಹೋಗೋ ಹೊತ್ತಿಗೆ ಆ ತಾಂಡಾದ ಬಹಳ ಮನೆಗಳಿಗೆ ಕೀಲಿ ಇರ್ತದ. ಮುದುಕರು, ಸಾಲಿಗೆ ಹೋಗೋ ಹುಡುಗರು ಇರ್ತಾರ. ಅಜ್ಜಿ ಇರ್ತಾಳ. ಹಕ್ಕುಪತ್ರ ಟ್ರಂಕಿನಾಗ ಅದ, ಬಂದಾಗ ತೋರಿಸ್ತೀನಿ ಅಂದಾಳ.

#ಕಲಬುರಗಿ #ಕಮಲಾಪುರ #ಚಿಂಚೋಳಿ #ತಾಂಡಾ #ಲದೇಣಿ #ನಮ್ಮಇತಿಹಾಸ